45 ದಾಟಿದ ಮೇಲೆ ಸೂಜಿ, ಮಾತ್ರೆ ಇಲ್ಲದೆ ಮೈ ಕಟ್ಟೋಕೆ ಆಗುತ್ತಾ? ಮಾಡಿ ನೋಡಿದವರು ಹೇಳಿ

ಹಳೇ_ಡಂಬಲ್
ವಯಸ್ಸು 47. ಇಪ್ಪತ್ತರ ಹರೆಯದಲ್ಲಿ ಕೆಲವು ವರ್ಷ ಬಿಡದೆ ಕಬ್ಬಿಣ ಎತ್ತಿದವನು. ಆಮೇಲೆ ಕೆಲಸ, ಸಂಸಾರ, ಕುರ್ಚಿ. ಈಗ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಎಲ್ಲದಕ್ಕೂ ಮುಂದೆ. ಬಿಪಿ ಗಡಿಯಲ್ಲಿದೆ, ಶುಗರ್ರೂ ಗಡಿಯಲ್ಲೇ. ಡಾಕ್ಟರು "ವ್ಯಾಯಾಮ ಮಾಡಿ" ಅಂದ್ರು, ಯಾವುದು ಅಂತ ಹೇಳ್ಲಿಲ್ಲ. ವಾಕಿಂಗ್ ನನಗೆ ಆಗಿಬರೋದಿಲ್ಲ, ಅರ್ಧ ದಾರಿಗೇ ಬೇಜಾರು ಹಿಡಿಯುತ್ತೆ. ಹಾಗಾಗಿ ಮತ್ತೆ ಜಿಮ್ಮಿಗೆ ಸೇರಿದೀನಿ.

ಸಮಸ್ಯೆ ಏನಂದ್ರೆ ಅಲ್ಲಿನ ಟ್ರೈನರ್ ಹುಡುಗ. ಮೊದಲನೇ ವಾರವೇ ಪಕ್ಕಕ್ಕೆ ಕರೆದು, "ಸರ್, ಈ ವಯಸ್ಸಲ್ಲಿ ನ್ಯಾಚುರಲ್ಲಾಗಿ ಏನೂ ಬರಲ್ಲ. ಸಣ್ಣದೊಂದು ಸೈಕಲ್ (ಕೆಲವು ವಾರ ಸ್ಟಿರಾಯ್ಡ್ ಸೂಜಿ, ಮಾತ್ರೆ) ಹಾಕಿಬಿಡಿ, ಮೂರು ತಿಂಗಳಲ್ಲಿ ಶರ್ಟು ಹರಿಯುತ್ತೆ" ಅಂದ. ನನಗೆ ಶರ್ಟು ಹರಿಯೋದು ಬೇಡ, ಗುಂಡಿ ಹಾಕೋಕಾದ್ರೆ ಸಾಕು. ಸೂಜಿ ಮುಟ್ಟಲ್ಲ, ಅದು ತೀರ್ಮಾನ ಆಗಿದೆ. ಆದ್ರೆ ಅವನ ಮಾತಲ್ಲಿ ಸ್ವಲ್ಪನಾದ್ರೂ ನಿಜ ಇದೆಯಾ? ಈ ವಯಸ್ಸಲ್ಲಿ ಸ್ನಾಯು ಬೆಳೆಯುತ್ತಾ, ಇಲ್ಲಾ ಇರೋದನ್ನ ಉಳಿಸ್ಕೊಂಡ್ರೇ ದೊಡ್ಡದಾ? ಯೂಟ್ಯೂಬ್ ಲಿಂಕ್ ಹಾಕ್ಬೇಡಿ, ದಮ್ಮಯ್ಯ.

ಸೋಮಾರಿ_ಸಂಘ
ಹೊಟ್ಟೆ ಮುಂದಿದ್ರೆ ಓಟದ ಸ್ಪರ್ಧೆಗೆ ಹೋಗಿ ಸರ್. ಗೆರೆ ಮೊದಲು ಅದೇ ದಾಟುತ್ತೆ.

ಕಬ್ಬಿಣದ_ಕಡಲೆ
ಬೆಳೆಯುತ್ತೆ. ನನಗೆ 54, ನಲವತ್ತು ದಾಟಿದ ಮೇಲೆ ಶುರು ಮಾಡಿದವನು, ಒಂದು ಸೂಜಿ ಚುಚ್ಚಿಸ್ಕೊಂಡಿಲ್ಲ. ಮೊದಲು ಆ ಟ್ರೈನರ್ ಕಡೆ ತಿರುಗಿಯೂ ನೋಡ್ಬೇಡಿ. ಬಿಪಿ ಗಡಿಯಲ್ಲಿರೋ ಮನುಷ್ಯನಿಗೆ ಸೈಕಲ್ ಹಾಕಿ ಅನ್ನೋನಿಗೆ ರಿಪೋರ್ಟ್ ಓದೋಕೂ ಬರಲ್ಲ, ಮನುಷ್ಯನನ್ನ ನೋಡೋಕೂ ಬರಲ್ಲ.

ನೀವು ಹಿಂದೆ ಎತ್ತಿದವರು ಅನ್ನೋದು ನಿಮ್ಮ ದೊಡ್ಡ ಲಾಭ. ಹೊಸಬನಿಗೆ ಒಂದು ವರ್ಷ ಹಿಡಿಯೋದು ನಿಮಗೆ ಕೆಲವೇ ತಿಂಗಳಲ್ಲಿ ವಾಪಸ್ ಬರುತ್ತೆ. ಆದ್ರೆ ನಿಮ್ಮ ಅಪಾಯವೂ ಅಲ್ಲೇ ಇರೋದು. ಎರಡನೇ ತಿಂಗಳು ಮೈಯಲ್ಲಿ ಹಳೇ ಹುರುಪು ಬರುತ್ತೆ, ಕನ್ನಡಿಯಲ್ಲಿ ಭುಜ ಕಾಣೋಕೆ ಶುರುವಾಗುತ್ತೆ, ಬಾರ್ ಹಗುರ ಅನ್ಸುತ್ತೆ. ಆಗ ಪ್ಲೇಟ್ ಏರಿಸ್ತೀರಿ. ಮೊಣಕೈ, ಭುಜ, ಮೊಣಕಾಲು ಕೈ ಕೊಡೋದು ಆಗಲೇ. ಸ್ನಾಯು ಬೇಗ ಬರುತ್ತೆ, ಟೆಂಡನ್ (ಸ್ನಾಯುವನ್ನ ಮೂಳೆಗೆ ಕಟ್ಟೋ ಗಟ್ಟಿ ನಾರು) ಬರಲ್ಲ. ಮಿಕ್ಕಿದ್ದೆಲ್ಲ ಆಮೇಲೆ ನೋಡ್ಕೊಳ್ಳಬಹುದು, ಇದೊಂದು ಮರೀಬೇಡಿ.

ಸಂಶಯಪಿಶಾಚಿ
ಒಮ್ಮೆ ಬೆಳೆದ ಸ್ನಾಯು ಬೇಗ ವಾಪಸ್ ಬರೋದಕ್ಕೆ "ಮಸಲ್ ಮೆಮೊರಿ" ಅಂತ ಎಲ್ಲರೂ ಹೇಳ್ತಾರೆ. ಇಪ್ಪತ್ತು ವರ್ಷ ಬಿಟ್ಟವನಿಗೂ ಅನ್ವಯ ಆಗುತ್ತಾ? ಆಧಾರ ಏನು?

ಅಂಕಿಅಂಶ_ಅಣ್ಣ
ಸ್ವಲ್ಪ ಆಧಾರ ಇದೆ, ಪೂರ್ತಿ ಇಲ್ಲ. ಸ್ನಾಯುವಿನ ಒಂದೊಂದು ನಾರಿನಲ್ಲೂ ಹಲವು ನ್ಯೂಕ್ಲಿಯಸ್ ಇರ್ತವೆ. ಸ್ನಾಯು ದಪ್ಪ ಆಗುವಾಗ ಹೊಸ ನ್ಯೂಕ್ಲಿಯಸ್ ಸೇರ್ಕೊಳ್ತವೆ. 2010ರಲ್ಲಿ ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ನೋಡಿದ್ದು ಏನಂದ್ರೆ, ಸ್ನಾಯು ಸೊರಗಿದ ಮೇಲೂ ಆ ನ್ಯೂಕ್ಲಿಯಸ್‌ಗಳು ಮೂರು ತಿಂಗಳಾದರೂ ಹಾಗೇ ಉಳಿದಿದ್ವು. ಇಲಿಯ ಆಯಸ್ಸಿಗೆ ಮೂರು ತಿಂಗಳು ಅಂದ್ರೆ ಬಹಳ ಆಯ್ತು.

ಮನುಷ್ಯರ ಮೇಲೆ ಫಿನ್‌ಲೆಂಡಿನಲ್ಲಿ 2024ರಲ್ಲಿ ಒಂದು ಅಧ್ಯಯನ ಬಂತು. ಒಂದು ಗುಂಪು 20 ವಾರ ಒಂದೇ ಸಮ ತಾಲೀಮು ಮಾಡಿತು. ಇನ್ನೊಂದು ಗುಂಪು 10 ವಾರ ಮಾಡಿ, 10 ವಾರ ಪೂರ್ತಿ ಬಿಟ್ಟು, ಮತ್ತೆ 10 ವಾರ ಮಾಡಿತು. ಕೊನೆಗೆ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಂತಿದ್ವು. ಬಿಟ್ಟವರು ಮತ್ತೆ ಶುರು ಮಾಡಿದ ಮೊದಲ ಕೆಲವೇ ವಾರಗಳಲ್ಲಿ ಕಳೆದುಕೊಂಡಿದ್ದನ್ನ ಪಡ್ಕೊಂಡಿದ್ರು.

ಸಂಶಯಪಿಶಾಚಿ
10 ವಾರ ಎಲ್ಲಿ, 20 ವರ್ಷ ಎಲ್ಲಿ ಅಣ್ಣ.

ಅಂಕಿಅಂಶ_ಅಣ್ಣ
ಒಪ್ಪಿದೆ. ಅದಕ್ಕೇ "ಪೂರ್ತಿ ಇಲ್ಲ" ಅಂದಿದ್ದು. ಆದ್ರೆ ಬಾರ್ ಹಿಡಿಯೋದು, ಸ್ಕ್ವಾಟ್‌ನಲ್ಲಿ (ಭಾರ ಹೊತ್ತು ಬಸ್ಕಿ) ಸೊಂಟ ಇಳಿಸೋದು, ಇದೆಲ್ಲ ಮಿದುಳಿಗೆ ಒಮ್ಮೆ ಬಂದ್ರೆ ಸೈಕಲ್ ತುಳಿದ ಹಾಗೆ, ಮರೆತುಹೋಗಲ್ಲ. (ಕಾಲಲ್ಲಿ ತುಳಿಯೋ ಸೈಕಲ್ಲು, ಆ ಟ್ರೈನರ್ ಹೇಳಿದ್ದಲ್ಲ.)

ವಯಸ್ಸಿನ ಬಗ್ಗೆ ಇನ್ನೊಂದು. 1990ರಲ್ಲಿ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ 86ರಿಂದ 96 ವರ್ಷದ, ತೀರಾ ನಿಶ್ಶಕ್ತರಾಗಿದ್ದ ಹತ್ತು ಜನರಿಗೆ 8 ವಾರ ಕಾಲಿನ ಭಾರದ ತಾಲೀಮು ಕೊಟ್ರು. ಕಾಲಿನ ಬಲ ಸರಾಸರಿ 174% ಏರಿತು, ತೊಡೆಯ ಸ್ನಾಯುವಿನ ಗಾತ್ರ ಸುಮಾರು 9% ಹೆಚ್ಚಾಯ್ತು. ತೊಂಬತ್ತರವರಿಗೇ ಬೆಳೆದಿದೆ. 47 ಅಂದ್ರೆ ಅವರಿಗೆ ಮೊಮ್ಮಗ.

ಉತ್ತರದವ
ತೊಂಬತ್ತರ ಮುದುಕ್ರು ಲೆಗ್ ಎಕ್ಸ್‌ಟೆನ್ಶನ್ ಮಾಡ್ಯಾರಂದ್ರ ನಮಗೇನ್ರಿ ದಾಡಿ. ನಾಳೆಯಿಂದ ಹೊಂಟೆ.

ಸೋಮಾರಿ_ಸಂಘ
ನಿಮ್ಮ ಆ ನಾಳೆ ನಮ್ಮ ಸಂಘದ ಖಾಯಂ ಸದಸ್ಯ.

ಮೂಳೆ_ಮಾತು
ನಾನು ಫಿಸಿಯೋಥೆರಪಿ ಕೆಲಸದಲ್ಲಿರೋಳು. ಕಡಲೆಯವರ ಮಾತನ್ನ ಇನ್ನೂ ಗಟ್ಟಿಯಾಗಿ ಹೇಳ್ತೀನಿ. ನನ್ನ ಹತ್ರ ಬರೋ ನಲವತ್ತರ ಮೇಲಿನ ಗಂಡಸರಲ್ಲಿ ಬಹುಪಾಲು "ಹಿಂದೆ ಮಾಡ್ತಿದ್ದೆ" ಅನ್ನೋರೇ. ಹೊಸಬರು ಹೆದರ್ಕೊಂಡು ನಿಧಾನಕ್ಕೆ ಹೋಗ್ತಾರೆ. ಹಳಬರಿಗೆ ಹಳೇ ನಂಬರು ತಲೆಯಲ್ಲಿ ಕೂತಿರುತ್ತೆ.

ಟೆಂಡನ್ ಬಗ್ಗೆ ಒಂದು ಸೊಗಸಾದ ಸಂಗತಿ ಇದೆ. 1950, 60ರ ದಶಕದಲ್ಲಿ ಅಣುಬಾಂಬ್ ಪರೀಕ್ಷೆ ನಡೆದಾಗ ವಾತಾವರಣದಲ್ಲಿ ಕಾರ್ಬನ್-14 ಸಿಕ್ಕಾಪಟ್ಟೆ ಏರಿತ್ತು, ಆಮೇಲೆ ನಿಧಾನಕ್ಕೆ ಇಳೀತು. ಆ ಗುರುತನ್ನೇ ಹಿಡ್ಕೊಂಡು ಡೆನ್ಮಾರ್ಕಿನ ಸಂಶೋಧಕರು ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್ ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದ್ರು. ಟೆಂಡನ್ನಿನ ಒಳತಿರುಳು ಹದಿನೇಳರ ವಯಸ್ಸಿನ ಆಸುಪಾಸಿಗೆ ರೂಪುಗೊಂಡು ಮುಗಿದಿರುತ್ತೆ, ಆಮೇಲೆ ಹೊಸದಾಗಿ ಬದಲಾಗೋದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಸ್ನಾಯು ಹಾಗಲ್ಲ, ಅದು ಸದಾ ಹೊಸದಾಗ್ತಾನೇ ಇರುತ್ತೆ. ಅಂದ್ರೆ ನಿಮ್ಮ 47ರ ಹೊಸ ಸ್ನಾಯು ಎಳೀತಿರೋದು ಕಾಲೇಜಿಗೆ ಸೇರೋ ಕಾಲದ ಟೆಂಡನ್ನನ್ನ.

ಸಂಶಯಪಿಶಾಚಿ
ಹಾಗಾದ್ರೆ ಟೆಂಡನ್ ಗಟ್ಟಿ ಆಗೋದೇ ಇಲ್ವಾ? ಮತ್ತೆ ಇಷ್ಟು ಜನ ಹೇಗೆ ಎತ್ತುತ್ತಾರೆ?

ಮೂಳೆ_ಮಾತು
ಆಗುತ್ತೆ. ತಿರುಳು ಬದಲಾಗದಿದ್ರೂ ಭಾರ ಹೊತ್ತಾಗ ಟೆಂಡನ್ನಿನ ಬಿಗಿತ ಹೆಚ್ಚುತ್ತೆ, ಅದನ್ನ ಅಳೆದು ತೋರಿಸಿದಾರೆ. ಆದ್ರೆ ಅದಕ್ಕೆ ವಾರಗಳ ಲೆಕ್ಕ ಅಲ್ಲ, ತಿಂಗಳುಗಳ ಲೆಕ್ಕ. ಭಾರ ನಿಧಾನಕ್ಕೆ ಎತ್ತಬೇಕು, ನಿಧಾನಕ್ಕೆ ಇಳಿಸಬೇಕು. ಕೆಳಗೆ ಬಂದಾಗ ಜರ್ಕ್ ಹೊಡೆದು ಎತ್ತೋದು, ಎದೆ ಮೇಲೆ ಬಾರ್ ಪುಟಿಸೋದು, ಇದೆಲ್ಲ ಇಪ್ಪತ್ತರ ಹುಡುಗರಿಗೆ ಬಿಡಿ.

ನೋವಿನ ಬಗ್ಗೆ ನಾನು ಹೇಳಿಕೊಡೋದು ಇಷ್ಟೇ. ತಾಲೀಮು ಮಾಡುವಾಗ ಸಣ್ಣಗೆ ನೋವಿದ್ದು ಮಾರನೇ ದಿನದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಬಂದ್ರೆ ಮುಂದುವರಿಸಿ. ಮಾರನೇ ದಿನ ಬೆಳಿಗ್ಗೆ ಎದ್ದಾಗ ಹೆಚ್ಚಾಗಿದ್ರೆ ಭಾರ ಇಳಿಸಿ. ಪೂರ್ತಿ ನಿಲ್ಲಿಸಿ ಮಲಗೋದು ಟೆಂಡನ್ನಿಗೆ ಔಷಧಿ ಅಲ್ಲ.

ಬೆಂಚ್_ಭಟ್
ಇದು ಸತ್ಯ ಮಾರಾಯ್ರೇ. ನನಗೆ ಮೊಣಕೈಯ ಒಳಬದಿಯಲ್ಲಿ ಬಂದಿತ್ತು. ಜಿಮ್ಮಿನಲ್ಲಿ ಏನೂ ಗೊತ್ತಾಗುವುದಿಲ್ಲ, ಪುಲ್-ಅಪ್ ಆರಾಮ. ಮನೆಯಲ್ಲಿ ಒದ್ದೆ ಬಟ್ಟೆ ಹಿಂಡುವಾಗ ಜೀವ ಹೋಗುವುದು! ಹೆಂಡತಿಗೆ ನಾನು ಕೆಲಸ ತಪ್ಪಿಸಲು ನಾಟಕ ಮಾಡುವುದು ಅಂತ ಅನುಮಾನ. ಕೊನೆಗೆ ಕರ್ಲ್ ಬಾರ್ ಬಿಟ್ಟು ಡಂಬಲ್ಸ್ ಹಿಡಿದೆ, ಕೆಳಗೆ ಇಳಿಸುವಾಗ ನಾಲ್ಕು ಎಣಿಸಿಕೊಂಡು. ಸರಿಯಾಯಿತು. ಬಟ್ಟೆ ಹಿಂಡುವ ಕೆಲಸ ಮಾತ್ರ ಖಾಯಂ ನನ್ನದೇ ಆಯಿತು.

ಇಪ್ಪತ್ತೆರಡು
ಅಂಕಲ್‌ಗಳಾ, ನಾನು ಚಿಕ್ಕವನು, ಸುಮ್ನೆ ಓದ್ತಾ ಇದ್ದೆ. ಬೆಂಚ್ ಬೌನ್ಸ್ ಮಾಡೋದು ನಮಗೂ ಒಳ್ಳೇದಲ್ಲ, ನಮ್ಮನ್ನ ಯಾಕೆ ಬಲಿ ಕೊಡ್ತೀರಿ?

ಕಬ್ಬಿಣದ_ಕಡಲೆ
ಹಹ್ಹಾ, ಸರಿ ಕಣಪ್ಪ. ನೀನೂ ಪುಟಿಸ್ಬೇಡ.

ಹಳೇ_ಡಂಬಲ್
ಬಹಳ ಉಪಯೋಗ ಆಯ್ತು. ಮೂಳೆ ಮೇಡಂ, ಕಡಲೆ ಸರ್, ಹಾಗಾದ್ರೆ ಶುರು ಹೇಗೆ? ವಾರಕ್ಕೆ ಎಷ್ಟು ದಿನ? ಹಿಂದೆ ನಾವು ಸೋಮವಾರ ಎದೆ, ಮಂಗಳವಾರ ಬೆನ್ನು ಅಂತ ಆರು ದಿನ ಹೋಗ್ತಿದ್ವಿ.

ಕಬ್ಬಿಣದ_ಕಡಲೆ
ಆರು ದಿನ ಮರೆತುಬಿಡಿ. ಮೂರು ದಿನ, ಪ್ರತಿ ಸಲ ಇಡೀ ಮೈ. ಕಾಲಿಗೊಂದು ಸ್ಕ್ವಾಟ್ ಜಾತಿಯದು, ಸೊಂಟದಿಂದ ಬಾಗುವಂಥದು ಒಂದು, ತಳ್ಳೋದು ಒಂದು, ಎಳೆಯೋದು ಒಂದು, ಸಾಕು. ಮೊದಲ ತಿಂಗಳು ಎರಡೆರಡೇ ಸೆಟ್ (ಬಿಡುವಿಲ್ಲದೆ ಎತ್ತಿ ಇಳಿಸೋ ಒಂದು ಸುತ್ತು; ಅದರಲ್ಲಿ ಒಂದೊಂದು ಸಲ ಎತ್ತೋದು ಒಂದು ರೆಪ್). "ಇನ್ನೂ ಮೂರು ರೆಪ್ ಹೊಡೀಬಹುದಿತ್ತು" ಅನ್ನೋ ಹಂತದಲ್ಲಿ ಬಾರ್ ಇಡಿ. ಆಮೇಲೆ ಸೆಟ್ ಏರಿಸಿ. ಒಂದೊಂದು ಸ್ನಾಯುವಿಗೆ ವಾರಕ್ಕೆ ಹತ್ತರ ಆಸುಪಾಸು ಗಟ್ಟಿ ಸೆಟ್ ಬಂದ್ರೆ ಬೆಳವಣಿಗೆಗೆ ಧಾರಾಳ ಆಯ್ತು.

ಇನ್ನೊಂದು: ಬೆಳೀಬೇಕಾದ್ರೆ ಭಾರೀ ತೂಕವೇ ಎತ್ತಬೇಕು ಅನ್ನೋದು ಹಳೇ ನಂಬಿಕೆ. ಹಗುರ ತೂಕದಲ್ಲಿ 20, 25 ರೆಪ್ ಹೊಡೆದು ಸುಸ್ತಿನ ಅಂಚಿಗೆ ಹೋದ್ರೂ ಸ್ನಾಯು ಹೆಚ್ಚುಕಮ್ಮಿ ಅಷ್ಟೇ ಬೆಳೆಯುತ್ತೆ. ಬಲ ಹೆಚ್ಚಬೇಕಂದ್ರೆ ಮಾತ್ರ ಭಾರ ಬೇಕು. ಭುಜ ಕಿರಿಕಿರಿ ಮಾಡೋ ದಿನ ಈ ದಾರಿ ನೆನಪಿಟ್ಕೊಳ್ಳಿ. ಒಂದು ಸಣ್ಣ ಪುಸ್ತಕದಲ್ಲಿ ತೂಕ, ರೆಪ್ ಬರ್ಕೊಳ್ಳಿ. ನನ್ನ ಪುಸ್ತಕದ ಹಾಳೆಗಳೆಲ್ಲ ಬೆವರಿಗೆ ಅಂಟ್ಕೊಂಡು ಉಬ್ಬಿವೆ, ಸೀಮೆಸುಣ್ಣದ ಬೆರಳಚ್ಚು ಬೇರೆ. ಆದ್ರೂ ಫೋನಿಗಿಂತ ವಾಸಿ. ಫೋನ್ ತೆಗೆದ್ರೆ ಎರಡು ನಿಮಿಷದ ವಿರಾಮ ಹತ್ತು ನಿಮಿಷ ಆಗುತ್ತೆ.

ಸಂಶಯಪಿಶಾಚಿ
ಮೂರು ದಿನದಲ್ಲಿ ಏನೂ ಆಗಲ್ಲ. ನಾನು ಐದು ದಿನ ಹೋಗ್ತೀನಿ.

ಕಬ್ಬಿಣದ_ಕಡಲೆ
ನಿಮಗೆ 47 ಆಗಿದೆಯಾ?

ಸಂಶಯಪಿಶಾಚಿ
36.

ಕಬ್ಬಿಣದ_ಕಡಲೆ
ಹತ್ತು ವರ್ಷ ಬಿಟ್ಟು ಬನ್ನಿ, ಚರ್ಚೆ ಮುಂದುವರಿಸೋಣ.

ಅಂಕಿಅಂಶ_ಅಣ್ಣ
ಜಗಳ ಬೇಡ. ವಾರದ ಒಟ್ಟು ಸೆಟ್ ಒಂದೇ ಇದ್ರೆ ಅದನ್ನ ಮೂರು ದಿನಕ್ಕೆ ಹಂಚಿದ್ರೂ ಐದು ದಿನಕ್ಕೆ ಹಂಚಿದ್ರೂ ಬೆಳವಣಿಗೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲ್ಲ. ಬಿಡುವು ನೋಡ್ಕೊಂಡು ಮಾಡಿ.

ರೆಪ್_ರಾಣಿ
ಗಂಡಸರ ಜಾತ್ರೆಯಲ್ಲಿ ನಾನೂ ಸ್ವಲ್ಪ ಜಾಗ ಮಾಡ್ಕೊಳ್ತೀನಿ. 52, ಮುಟ್ಟು ನಿಂತು ಎರಡು ವರ್ಷ. ಮೂಳೆ ಸಾಂದ್ರತೆ ಕಮ್ಮಿ ಬಂತು ಅಂತ ಗಾಬರಿಯಾಗಿ ಭಾರ ಎತ್ತೋಕೆ ಬಂದವಳು. ಎಲ್ಲರೂ "ನಿಮ್ಮ ವಯಸ್ಸಿಗೆ ಗುಲಾಬಿ ಡಂಬಲ್ಸ್ ಸಾಕು" ಅಂದ್ರು. ಗುಲಾಬಿ ಬಣ್ಣದ್ದು ಒಂದು ಕಿಲೋ. ನನ್ನ ಕೈಚೀಲವೇ ಅದಕ್ಕಿಂತ ಭಾರ ಇರುತ್ತೆ!

ಆಸ್ಟ್ರೇಲಿಯಾದ ಒಂದು ಅಧ್ಯಯನ 2018ರಲ್ಲಿ ಬಂದಿದೆ. ಮುಟ್ಟು ನಿಂತ, ಮೂಳೆ ಸಾಂದ್ರತೆ ಕಮ್ಮಿ ಇದ್ದ ಹೆಂಗಸರಿಗೆ 8 ತಿಂಗಳು, ವಾರಕ್ಕೆರಡು ಸಲ, ಅರ್ಧರ್ಧ ಗಂಟೆ ಡೆಡ್‌ಲಿಫ್ಟ್, ಸ್ಕ್ವಾಟ್, ಓವರ್‌ಹೆಡ್ ಪ್ರೆಸ್ ಮಾಡಿಸಿದ್ರು. ಒಂದೇ ಸಲ ಎತ್ತಬಲ್ಲ ಗರಿಷ್ಠ ತೂಕದ 85 ಶೇಕಡಕ್ಕಿಂತ ಜಾಸ್ತಿ ಭಾರ, ಐದು ಸೆಟ್, ಐದು ರೆಪ್. ಬೆನ್ನುಮೂಳೆಯ ಕೆಳಭಾಗದ ಸಾಂದ್ರತೆ ಸರಾಸರಿ 2.9% ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಗುಂಪಿಗೆ 1.2% ಇಳೀತು. ಆದ್ರೆ ಅವರಿಗೆಲ್ಲ ಪಕ್ಕದಲ್ಲೇ ನಿಂತು ಕಲಿಸಿದ್ರು, ಮೊದಲ ದಿನವೇ ಭಾರ ಹೊರಿಸಿಲ್ಲ. ಅದನ್ನೂ ಹೇಳ್ಬೇಕು.

ಕೈ ಗಟ್ಟಿಯಾದ್ರೆ ಗಂಡಸಿನ ಥರ ಕಾಣ್ತೀನಾ ಅಂತ ಕೇಳೋ ಅಕ್ಕಂದಿರಿಗೆ: ಅಷ್ಟು ಸುಲಭ ಆಗಿದ್ರೆ ಇಲ್ಲಿ ಇಷ್ಟು ಗಂಡಸರು ಯಾಕೆ ಒದ್ದಾಡ್ತಿದ್ರು?

ಉತ್ತರದವ
ಅಕ್ಕಾರ, ಇದಕ್ಕ ನಮ್ಮ ಕಡಿಂದ ಒಂದು ಚಪ್ಪಾಳಿ.

ಮೂಳೆ_ಮಾತು
ರಾಣಿ ಮೇಡಂ, ನೂರಕ್ಕೆ ನೂರು. ಆ ಗುಲಾಬಿ ಡಂಬಲ್ಸ್ ಕಂಡ್ರೆ ನನಗೂ ಉರಿಯುತ್ತೆ.

ಸಂಶಯಪಿಶಾಚಿ
ಮೂಲ ಪ್ರಶ್ನೆಗೆ ಬರೋಣ. ನಲವತ್ತರ ಮೇಲೆ ಗಂಡಸರಲ್ಲಿ ಟೆಸ್ಟೋಸ್ಟಿರೋನ್ (ಗಂಡು ಹಾರ್ಮೋನ್) ವರ್ಷಕ್ಕೆ ಸುಮಾರು ಒಂದು ಶೇಕಡ ಇಳಿಯುತ್ತೆ. ಟ್ರೈನರ್ ಹೇಳಿದ್ದು ಒರಟಾಗಿತ್ತು, ಆದ್ರೆ ಡಾಕ್ಟರ್ ಹತ್ರ ಹೋಗಿ ಟಿಆರ್‌ಟಿ (ಹೊರಗಿನಿಂದ ಟೆಸ್ಟೋಸ್ಟಿರೋನ್ ಕೊಡೋ ಚಿಕಿತ್ಸೆ) ತಗೊಂಡ್ರೆ ತಪ್ಪೇನು?

ಅಂಕಿಅಂಶ_ಅಣ್ಣ
ಕೊರತೆ ಇದ್ರೆ ತಪ್ಪಿಲ್ಲ, ಅದು ಚಿಕಿತ್ಸೆ. ಕೊರತೆ ಇದೆ ಅನ್ನೋಕೆ ಲಕ್ಷಣಗಳೂ ಇರಬೇಕು, ಬೇರೆ ಬೇರೆ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿಸಿದ ಎರಡು ಪರೀಕ್ಷೆಯಲ್ಲೂ ಕಮ್ಮಿ ಬರಬೇಕು. ಸಂಜೆ ಒಂದು ಸಲ ಮಾಡಿಸಿ ಕಮ್ಮಿ ಬಂತು ಅನ್ನೋದು ಲೆಕ್ಕಕ್ಕಿಲ್ಲ. ಹೊಟ್ಟೆಯ ಬೊಜ್ಜು, ನಿದ್ದೆಗೇಡು ಎರಡೂ ಅದನ್ನ ಇಳಿಸ್ತವೆ. ಮೊದಲು ಅವನ್ನ ಸರಿಮಾಡಿ.

ಹೊರಗಿನಿಂದ ಹಾರ್ಮೋನ್ ಬಂದ್ರೆ ಮೈ ತನ್ನದನ್ನ ಮಾಡೋದು ನಿಲ್ಲಿಸುತ್ತೆ, ವೀರ್ಯಾಣು ಕಮ್ಮಿ ಆಗುತ್ತೆ, ರಕ್ತ ಗಟ್ಟಿಯಾಗುತ್ತೆ. 2023ರಲ್ಲಿ ಬಂದ 5,000ಕ್ಕೂ ಹೆಚ್ಚು ಗಂಡಸರ ದೊಡ್ಡ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಆದ್ರೆ ಹೃದಯದ ಬಡಿತ ತಾಳ ತಪ್ಪೋದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟೋದು ಸ್ವಲ್ಪ ಜಾಸ್ತಿ ಕಂಡಿತು. ಅವರೆಲ್ಲ ನಿಜವಾಗಿ ಕೊರತೆ ಇದ್ದವರು, ವೈದ್ಯರ ಅಳತೆಯಲ್ಲಿ ತಗೊಂಡವರು. ಜಿಮ್ಮಿನ ಲಾಕರ್‌ನಿಂದ ಬರೋ ಬಾಟಲಿಗೆ ಆ ಭರವಸೆ ಅನ್ವಯಿಸಲ್ಲ.

ಕಬ್ಬಿಣದ_ಕಡಲೆ
ನ್ಯಾಚುರಲ್ ಅಂದ್ರೆ ಏನು ಅಂತ ಕೇಳೋರಿಗೆ ಒಂದು ಚರಿತ್ರೆ. ಟೆಸ್ಟೋಸ್ಟಿರೋನನ್ನ ಪ್ರಯೋಗಾಲಯದಲ್ಲಿ ಮಾಡಿದ್ದು 1935ರಲ್ಲಿ. ಡಯನಬಾಲ್ ಅನ್ನೋ ಸ್ಟಿರಾಯ್ಡ್ ಮಾತ್ರೆ ಬಂದಿದ್ದು 1958ರಲ್ಲಿ. ಹಳೇ ಕಾಲದ ಹೆಸರಾಂತ ಬಾಡಿಬಿಲ್ಡರ್ ಯೂಜೆನ್ ಸ್ಯಾಂಡೋ 1901ರಲ್ಲಿ ಲಂಡನ್ನಿನಲ್ಲಿ ದೊಡ್ಡ ಮೈಕಟ್ಟು ಸ್ಪರ್ಧೆ ನಡೆಸಿದಾಗ ಇವ್ಯಾವೂ ಇರಲಿಲ್ಲ. ಅವನ ಫೋಟೋ ನೋಡಿ. ಸೂಜಿ ಇಲ್ಲದ ಮೈ ಹೇಗಿರುತ್ತೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಬೆಂಚ್_ಭಟ್
ಆ ಸ್ಪರ್ಧೆಯ ತೀರ್ಪುಗಾರರಲ್ಲಿ ಒಬ್ಬರು ಷೆರ್ಲಾಕ್ ಹೋಮ್ಸ್ ಬರೆದ ಕಾನನ್ ಡಾಯ್ಲ್, ಗೊತ್ತುಂಟಾ? ಪತ್ತೇದಾರಿ ಬುದ್ಧಿ ಅಲ್ಲಿ ಬೇಕಾಗಲಿಲ್ಲ. ಈಗಿನ ಸ್ಪರ್ಧೆಗಳಿಗೆ ಬೇಕಿತ್ತು, ಯಾರು ನ್ಯಾಚುರಲ್ ಅಂತ ಹಿಡಿಯಲು.

ಇಪ್ಪತ್ತೆರಡು
ಈಗಲೂ ನ್ಯಾಚುರಲ್ ಸ್ಪರ್ಧೆಗಳಿವೆ ಅಂಕಲ್. ಡಬ್ಲ್ಯೂಎನ್‌ಬಿಎಫ್‌ನಂಥ (ವರ್ಲ್ಡ್ ನ್ಯಾಚುರಲ್ ಬಾಡಿಬಿಲ್ಡಿಂಗ್ ಫೆಡರೇಶನ್) ಸಂಘಟನೆಗಳು ಮೂತ್ರ ಪರೀಕ್ಷೆ, ಸುಳ್ಳು ಪತ್ತೆ ಯಂತ್ರ ಎರಡೂ ಬಳಸ್ತವೆ.

ಸಂಶಯಪಿಶಾಚಿ
ಸುಳ್ಳು ಪತ್ತೆ ಯಂತ್ರವನ್ನೇ ನಾನು ನಂಬಲ್ಲ.

ಸೋಮಾರಿ_ಸಂಘ
ನೀವು ತೂಕದ ಯಂತ್ರವನ್ನಾದ್ರೂ ನಂಬ್ತೀರಾ?

ಉತ್ತರದವ
ನಮ್ಮ ದೇಶದ ಬಾಡಿಬಿಲ್ಡರ್ ಮನೋಹರ್ ಐಚ್ ಅವರನ್ನ ಯಾರೂ ನೆನಿಸಲಿಲ್ಲಲ್ರಿ. 1912ರಾಗ ಹುಟ್ಟಿದ ಮನಷ್ಯಾ, 1952ರಾಗ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಯೊಳಗ ಗೆದ್ರು. ಅಂದ್ರ ನಲವತ್ತರ ವಯಸ್ಸು! ಎತ್ತರ ಐದು ಅಡಿಗೂ ಕಮ್ಮಿ. 104 ವರ್ಷ ಬಾಳಿ 2016ರಾಗ ತೀರಿಕೊಂಡ್ರು.

ಅಂಕಿಅಂಶ_ಅಣ್ಣ
ಗಿಡ್ಡರ ವಿಭಾಗದಲ್ಲಿ ಗೆದ್ದಿದ್ದು, ಒಟ್ಟಾರೆ ಪ್ರಶಸ್ತಿ ಅಲ್ಲ. ಆದ್ರೂ ನಲವತ್ತಕ್ಕೆ ಅದು ಸಾಮಾನ್ಯ ಸಾಧನೆ ಅಲ್ಲ, ಒಪ್ಪಿದೆ.

ನ್ಯಾಚುರಲ್ ಮಿತಿ ಎಲ್ಲಿ ಅಂತ ಕೇಳೋರಿಗೆ ಎಫ್‌ಎಫ್‌ಎಂಐ ಅಂತ ಒಂದು ಲೆಕ್ಕ ಇದೆ. ಕೊಬ್ಬು ಕಳೆದ ತೂಕವನ್ನ ಮೀಟರಿನಲ್ಲಿರೋ ಎತ್ತರದ ವರ್ಗದಿಂದ ಭಾಗಿಸೋದು. 1995ರ ಒಂದು ಅಧ್ಯಯನ ಸ್ಟಿರಾಯ್ಡ್ ತಗೊಳ್ಳದವರು 25ರ ಆಸುಪಾಸಿಗೆ ನಿಲ್ತಾರೆ ಅಂತು. 1.75 ಮೀಟರ್ ಎತ್ತರದವನಿಗೆ ಅದು ಸುಮಾರು 76.5 ಕಿಲೋ ಕೊಬ್ಬಿಲ್ಲದ ತೂಕ. ಅಧ್ಯಯನ ಚಿಕ್ಕದು, 25 ದಾಟಿದ ನ್ಯಾಚುರಲ್‌ಗಳೂ ಇದಾರೆ. ಆದ್ರೆ ಮಧ್ಯವಯಸ್ಸಿನಲ್ಲಿ 22 ಮುಟ್ಟಿ ಹೊಟ್ಟೆ ಕರಗಿದ್ರೆ ಶರ್ಟು ಹಾಕಿದ್ರೂ ಜನ "ಏನು ಮಾಡ್ತಿದೀರಾ" ಅಂತ ಕೇಳ್ತಾರೆ.

ಹಳೇ_ಡಂಬಲ್
ಊಟದ ವಿಷಯ ಯಾರೂ ಎತ್ತಲೇ ಇಲ್ಲ. ನಾನು ಸಸ್ಯಾಹಾರಿ, ಮೊಟ್ಟೆ ಮಾತ್ರ ತಿಂತೀನಿ. ತೂಕ 80. ಟ್ರೈನರ್ ಕೊಟ್ಟ ಪಟ್ಟಿಯಲ್ಲಿ ಆರು ಡಬ್ಬಿ ಪೌಡರ್ ಇದೆ.

ಅಂಕಿಅಂಶ_ಅಣ್ಣ
ಆರು ಡಬ್ಬಿಯಲ್ಲಿ ನಾಲ್ಕು ಎಸೆಯಬಹುದು.

ಸಾಮಾನ್ಯವಾಗಿ ಹೇಳೋ ಕನಿಷ್ಠ ಪ್ರೋಟೀನ್ ದೇಹತೂಕದ ಕಿಲೋಗೆ 0.8 ಗ್ರಾಂ. ಸ್ನಾಯು ಬೆಳೆಸೋರಿಗೆ ಸುಮಾರು 1.6ರವರೆಗೆ ಲಾಭ ಕಂಡಿದೆ, ಅದರ ಮೇಲೆ ಹೆಚ್ಚಿನವರಿಗೆ ಪ್ರಯೋಜನ ಕಮ್ಮಿ. ನಿಮಗೆ ದಿನಕ್ಕೆ 128 ಗ್ರಾಂ. ವಯಸ್ಸಾದಂತೆ ಸ್ನಾಯು ಪ್ರೋಟೀನಿಗೆ ಸ್ವಲ್ಪ ಕಿವುಡಾಗುತ್ತೆ, ಹಾಗಾಗಿ ಚೂರುಚೂರು ತಿನ್ನೋದಕ್ಕಿಂತ ಒಂದೊಂದು ಹೊತ್ತಿಗೆ ಮೂವತ್ತು ಗ್ರಾಮಿನ ಮೇಲೆ ಬರೋ ಹಾಗೆ ನೋಡ್ಕೊಳ್ಳಿ. ಮೊಟ್ಟೆಗೆ ಆರು ಗ್ರಾಂ. ಬೇಯಿಸಿದ ಬೇಳೆ ನೂರು ಗ್ರಾಮಿಗೆ ಒಂಬತ್ತರ ಆಸುಪಾಸು. ಒಣ ಸೋಯಾ ತುಂಡಿನಲ್ಲಿ ನೂರಕ್ಕೆ ಐವತ್ತು. ಇನ್ನುಳಿದಿದ್ದಕ್ಕೆ ಹಾಲು, ಮೊಸರು, ಬೇಕಾದ್ರೆ ಒಂದು ಸ್ಕೂಪ್ ವೇ (ಹಾಲಿನಿಂದ ಮಾಡೋ ಪ್ರೋಟೀನ್ ಪೌಡರ್).

ಇಪ್ಪತ್ತೆರಡು
ಸೋಯಾ ತಿಂದ್ರೆ ಗಂಡಸರಿಗೆ ಟೆಸ್ಟೋಸ್ಟಿರೋನ್ ಇಳಿಯುತ್ತಲ್ವಾ?

ರೆಪ್_ರಾಣಿ
ಇಲ್ಲ ಮಗಾ. ಆ ಪುಕಾರು ಸುಮಾರು ವರ್ಷದಿಂದ ಓಡಾಡ್ತಿದೆ. ಹತ್ತಾರು ಅಧ್ಯಯನ ಒಟ್ಟುಸೇರಿಸಿ ನೋಡಿದಾಗ ಗಂಡಸರ ಹಾರ್ಮೋನಿನಲ್ಲಿ ವ್ಯತ್ಯಾಸ ಕಂಡಿಲ್ಲ.

ಕಬ್ಬಿಣದ_ಕಡಲೆ
ಪೌಡರ್‌ಗಳಲ್ಲಿ ಕ್ರಿಯೇಟಿನ್ ಮೋನೊಹೈಡ್ರೇಟ್ ಒಂದೇ ಕಾಸಿಗೆ ತಕ್ಕದ್ದು. ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿಗಾದ್ರೂ ಸರಿ. ಬಿಸಿಎಎ (ಪ್ರೋಟೀನಿನಲ್ಲಿರೋ ಕೆಲವು ಅಮೈನೋ ಆಮ್ಲಗಳ ಪೌಡರ್) ದಂಡ, ಪ್ರೋಟೀನ್ ಸರಿಯಾಗಿ ತಿಂದ್ರೆ ಅದು ಅದರಲ್ಲೇ ಇದೆ. "ಟೆಸ್ಟೋ ಬೂಸ್ಟರ್" ಅಂತ ಬರೆದ ಡಬ್ಬಿ ಮುಟ್ಟಲೇಬೇಡಿ. ಕೆಲಸ ಮಾಡದೇ ಇದ್ರೆ ದುಡ್ಡು ಹೋಯ್ತು, ಮಾಡಿದ್ರೆ ಒಳಗೆ ಹೆಸರಿಲ್ಲದ್ದು ಏನೋ ಬೆರೆಸಿದಾರೆ ಅಂತ ಅರ್ಥ.

ಮೂಳೆ_ಮಾತು
ಕ್ರಿಯೇಟಿನ್ ತಗೊಳ್ಳೋರು ರಕ್ತಪರೀಕ್ಷೆಗೆ ಹೋದಾಗ ಡಾಕ್ಟರಿಗೆ ಹೇಳಿ. ಕಿಡ್ನಿ ಹೇಗಿದೆ ಅಂತ ನೋಡೋ ಕ್ರಿಯೇಟಿನಿನ್ ಅಂಕಿ ಸ್ವಲ್ಪ ಏರಿ ಕಾಣಬಹುದು, ಕಿಡ್ನಿ ಕೆಟ್ಟಿದೆ ಅಂತ ಗಾಬರಿ ಬೀಳ್ತಾರೆ. ಕಿಡ್ನಿ ತೊಂದರೆ ಮೊದಲೇ ಇರೋರು ಕೇಳದೆ ಶುರು ಮಾಡ್ಬೇಡಿ.

ಬೆಂಚ್_ಭಟ್
ರಕ್ತಪರೀಕ್ಷೆ ಅಂದಾಗ ನೆನಪಾಯಿತು. ನನ್ನ ಭಾವ ಜಿಮ್ ಸೇರಿ ಕಾಲಿನ ತಾಲೀಮು ಜೋರಾಗಿ ಮಾಡಿ, ಎರಡೇ ದಿನ ಬಿಟ್ಟು ಹೆಲ್ತ್ ಚೆಕಪ್‌ಗೆ ಹೋದರು. ಲಿವರ್ ಪರೀಕ್ಷೆಯ ಎಸ್‌ಜಿಒಟಿ ಆಕಾಶಕ್ಕೆ. ಜನ್ಮದಲ್ಲಿ ಕುಡಿಯದ ಮನುಷ್ಯ, ಮನೆಯವರೆಲ್ಲ ಅವರ ಮುಖ ಒಂದು ನಮೂನೆ ನೋಡುವುದು!

ಅಂಕಿಅಂಶ_ಅಣ್ಣ
ಹಹ್ಹಾ. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಸ್ನಾಯುವಿನಲ್ಲೂ ಇರ್ತವೆ. ರೂಢಿ ಇಲ್ಲದವರು ಜೋರು ತಾಲೀಮು ಮಾಡಿದ್ರೆ ಒಂದು ವಾರದವರೆಗೂ ಏರಿರಬಹುದು. ಪರೀಕ್ಷೆಗೆ ಮುಂಚೆ ಒಂದು ವಾರ ಭಾರ ಎತ್ತಬೇಡಿ, ಇಲ್ಲಾಂದ್ರೆ ಡಾಕ್ಟರಿಗೆ ಹೇಳಿಬಿಡಿ.

ಮೂಳೆ_ಮಾತು
ಇದೇ ವಿಷಯದ ಗಂಭೀರ ರೂಪವೂ ಇದೆ. ವರ್ಷಗಟ್ಟಲೆ ಬಿಟ್ಟು, ಹಠಕ್ಕೆ ಬಿದ್ದು ಒಂದೇ ದಿನ ನೂರಾರು ಬಸ್ಕಿ ಹೊಡೆದವರಿಗೆ ಸ್ನಾಯು ಒಡೆದು ರಕ್ತಕ್ಕೆ ಸೇರಿ ಕಿಡ್ನಿಗೆ ಹೊಡೆತ ಬೀಳಬಹುದು. ರಾಬ್ಡೊಮಯೋಲಿಸಿಸ್ ಅಂತಾರೆ. ಮೈಕೈ ನೋವು ಒಂದೆರಡು ದಿನ ಎಲ್ಲರಿಗೂ ಬರುತ್ತೆ. ಆದ್ರೆ ಸ್ನಾಯು ಊದಿಕೊಂಡು, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಅನ್ಬೇಡಿ.

ಹಳೇ_ಡಂಬಲ್
ನನ್ನ ಬಿಪಿ ಬಗ್ಗೆ? ಗಡಿಯಲ್ಲಿ ಅಂದ್ರೆ 138/88 ಥರ.

ಮೂಳೆ_ಮಾತು
ಡಾಕ್ಟರ್ ಒಪ್ಪಿಗೆ ತಗೊಂಡೇ ಶುರು ಮಾಡಿ. ನಡೆದಾಗ ಎದೆ ಹಿಡಿದ ಹಾಗೆ ಆಗೋದು, ತಲೆಸುತ್ತು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆದವರು ಇರೋದು, ಇದ್ರೆ ಅದನ್ನೂ ಅವರಿಗೆ ಹೇಳಿ. ನಿಯಮಿತ ತಾಲೀಮು ದಿನ ಕಳೆದಂತೆ ಬಿಪಿಯನ್ನ ಸ್ವಲ್ಪ ಇಳಿಸುತ್ತೆ. ಆದ್ರೆ ಉಸಿರು ಬಿಗಿಹಿಡಿದು ಎತ್ತೋ ಆ ಕ್ಷಣದ ಕತೆ ಬೇರೆ. 1985ರಲ್ಲಿ ಕೆನಡಾದವರು ಬಾಡಿಬಿಲ್ಡರುಗಳ ರಕ್ತನಾಳದೊಳಗೇ ನಳಿಕೆ ಇಟ್ಟು ಅಳೆದಾಗ, ಭಾರೀ ಲೆಗ್ ಪ್ರೆಸ್‌ನಲ್ಲಿ ಸರಾಸರಿ 320/250 ಮುಟ್ಟಿತ್ತು. ಅದಕ್ಕೇ ನಿಮಗೆ ಹೇಳೋದು: ಎತ್ತುವಾಗ ಉಸಿರು ಬಿಡಿ, ಕೊನೆಯ ರೆಪ್‌ಗೆ ಮುಖ ಕೆಂಪಾಗೋವರೆಗೂ ಹೋಗ್ಬೇಡಿ, ಲೆಗ್ ಪ್ರೆಸ್‌ನಲ್ಲಿ ಪೌರುಷ ತೋರಿಸ್ಬೇಡಿ.

ಸಂಶಯಪಿಶಾಚಿ
320/250! ಇದು ನಂಬೋಕೆ ಕಷ್ಟ, ಆದ್ರೆ ಹುಡುಕಿ ನೋಡಿದೆ, ಹಾಗೇ ಇದೆ.

ಸೋಮಾರಿ_ಸಂಘ
ಸ್ನೇಹಿತರೇ, ಇವತ್ತಿನ ದಿನಾಂಕ ಬರ್ದಿಟ್ಕೊಳ್ಳಿ. ಪಿಶಾಚಿ ಒಂದನ್ನ ನಂಬಿದೆ.

ರೆಪ್_ರಾಣಿ
ಡಂಬಲ್ ಸರ್, ಹೊಟ್ಟೆ ಬಗ್ಗೆ ಒಂದು ಮಾತು. ಕ್ರಂಚಸ್ ಹೊಡೆದು ಹೊಟ್ಟೆ ಕರಗಲ್ಲ. ಒಂದು ಕಿಲೋ ಸ್ನಾಯು ಸುಮ್ಮನೆ ಕೂತಾಗ ದಿನಕ್ಕೆ ಸುಡೋದು ಸುಮಾರು 13 ಕ್ಯಾಲೊರಿ ಅಷ್ಟೇ, ಹಾಗಾಗಿ "ಸ್ನಾಯು ಬಂದ್ರೆ ತಾನೇ ಕರಗುತ್ತೆ" ಅನ್ನೋದೂ ಸುಳ್ಳು. ತಟ್ಟೆಯಲ್ಲಿ ಸ್ವಲ್ಪ ಕಮ್ಮಿ ಆಗ್ಲೇಬೇಕು, ದಿನಕ್ಕೆ ಮುನ್ನೂರು ಕ್ಯಾಲೊರಿಯಷ್ಟು ಸಾಕು. ಮರಳಿ ಬರೋರಿಗೆ ಇಷ್ಟು ಕಡಿತದಲ್ಲೂ ಸ್ನಾಯು ಬೆಳೆಯುತ್ತೆ, ಅದೇ ನಿಮ್ಮ ಅದೃಷ್ಟ. ತೂಕದ ಮುಳ್ಳು ಅಲ್ಲಾಡದೇ ಇದ್ರೂ ಸೊಂಟಕ್ಕೆ ಟೇಪ್ ಹಿಡಿದು ನೋಡಿ. ಮನೆಯ ತೂಕದ ಯಂತ್ರ ತೋರಿಸೋ ಕೊಬ್ಬಿನ ಶೇಕಡ ಮಾತ್ರ ನಂಬ್ಬೇಡಿ, ನೀರು ಕುಡಿದ್ರೂ ಬದಲಾಗುತ್ತೆ.

ಹಳೇ_ಡಂಬಲ್
ಸರಿ. ಬೇರೆ ಬ್ಯಾಚ್‌ಗೆ ಬದಲಾಯಿಸ್ಕೊಳ್ತೀನಿ, ಆ ಹುಡುಗ ಇಲ್ಲದ ಹೊತ್ತಿಗೆ. ಖಾಲಿ ಬಾರ್‌ನಿಂದ ಶುರು. ಡಾಕ್ಟರ್ ಅಪಾಯಿಂಟ್‌ಮೆಂಟ್ ಗುರುವಾರ.

ಕಬ್ಬಿಣದ_ಕಡಲೆ
ಖಾಲಿ ಬಾರೇ 20 ಕಿಲೋ ಇರುತ್ತೆ, ಓವರ್‌ಹೆಡ್ ಪ್ರೆಸ್‌ಗೆ ಅದಕ್ಕಿಂತ ಹಗುರದ್ದೂ ತಗೊಳ್ಳಬಹುದು. ನಾಚ್ಕೊಳ್ಬೇಡಿ.

ಇಪ್ಪತ್ತೆರಡು
ಒಂದು ಕೇಳ್ಬೇಕಿತ್ತು. ನಮ್ಮಪ್ಪನಿಗೆ 51. ಹರ್ನಿಯಾ ಆಪರೇಷನ್ ಆಗಿ ಎಂಟು ತಿಂಗಳಾಯ್ತು. ನನ್ನ ಜೊತೆ ಬರ್ತೀನಿ ಅಂತ ಹಠ. ಕರ್ಕೊಂಡು ಹೋಗ್ಲಾ?

ಮೂಳೆ_ಮಾತು
ಆಪರೇಷನ್ ಮಾಡಿದ ಸರ್ಜನ್‌ಗೆ ಫೋನ್ ಮಾಡಿ ಕೇಳು. ಭಾರ ಎತ್ತಬಹುದು ಅಂದ್ರೆ ಕರ್ಕೊಂಡು ಹೋಗು. ಮೊದಲು ಕೂತು ಮಾಡೋ ಮಷೀನುಗಳಲ್ಲಿ ಹಗುರವಾಗಿ ಶುರು ಮಾಡಿಸು, ಉಸಿರು ಬಿಗಿಹಿಡೀದೆ. ಕೆಮ್ಮಿದಾಗ ಅಥವಾ ಎತ್ತಿದಾಗ ಆ ಜಾಗದಲ್ಲಿ ಉಬ್ಬು, ಎಳೆತ ಕಂಡ್ರೆ ಅಲ್ಲಿಗೇ ನಿಲ್ಲಿಸಿ ತೋರಿಸಿ. ಮತ್ತೆ ಅವರ ಮುಂದೆ ನೀನು ಜಾಸ್ತಿ ತೂಕ ಎತ್ತಿ ಮೆರೀಬೇಡ. ಅಪ್ಪಂದಿರು ಪೈಪೋಟಿಗೆ ಬಿದ್ದೇ ನನ್ನ ಹತ್ರ ಬರೋದು.

ಇಪ್ಪತ್ತೆರಡು
ಅವರು ಆಗಲೇ ನನ್ನ ಬೆಂಚ್ ಎಷ್ಟು ಅಂತ ಕೇಳಿದಾರೆ ಮೇಡಂ.

ಮೂಳೆ_ಮಾತು
ಕಮ್ಮಿ ಹೇಳು.